ಗಡಿಯಾರದಕ್ಕನ ಹಳೆಯ ಚೀಟಿ

ಹೃದ್ರೋಗದ ಚಿಕಿತ್ಸೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಸ್ತ್ರಚಿಕಿತ್ಸೆಯ ಕೋಣೆ, ಹಸಿರು ಗೌನು, ಪರದೆಯ ಮೇಲೆ ಓಡುವ ಗೆರೆ. ಆದರೆ ನಮ್ಮ ಆಸ್ಪತ್ರೆಯ ಹೃದ್ರೋಗ ವಿಭಾಗಕ್ಕೆ ಬರುವವರಲ್ಲಿ ಹೆಚ್ಚಿನವರು ಆ ಕೋಣೆಯನ್ನು ನೋಡುವುದೇ ಇಲ್ಲ. ಅವರು ನೋಡುವುದು ಒಂದು ಕಿಟಕಿಯನ್ನು. ನೆಲ ಅಂತಸ್ತಿನ ಓಣಿಯ ಕೊನೆಯಲ್ಲಿ, ಜನ ಮೊಣಕೈ ಊರಿ ಊರಿ ನುಣುಪಾದ ಕಲ್ಲಿನ ಕಟ್ಟೆಯಿರುವ ಔಷಧ ವಿತರಣೆಯ ಕಿಟಕಿ ಅದು. ಅದರ ಹಿಂದೆ ಮೂವತ್ತಮೂರು ವರ್ಷ ಕೆಲಸ ಮಾಡಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯ ಫಾರ್ಮಸಿಸ್ಟರನ್ನು ರೋಗಿಗಳು ಗಡಿಯಾರದಕ್ಕ ಎಂದು ಕರೆಯುತ್ತಾರೆ. ಔಷಧ ಶಾಸ್ತ್ರದ ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಆದರೆ ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗಿದಿರಿ ಎಂದು ಕೇಳದೆ ಯಾರ ರಕ್ತದೊತ್ತಡವನ್ನೂ ಅಳೆಯಬಾರದು ಎಂಬ ಪಾಠವನ್ನು ಈ ಊರಿನ ಆಸ್ಪತ್ರೆಗಳಿಗೆ ಕಲಿಸಿದವರು ಅವರೇ.

ಆ ಪಾಠವನ್ನು ಅವರು ಕಲಿತದ್ದು ಸ್ವಂತ ತಪ್ಪಿನಿಂದ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪ ಶೋಭಿಸುವುದೇ ಎಂದು ಸಂಪಾದಕ ಮಂಡಳಿಯವರು ಹಿಂಜರಿದಾಗ, ಅಕ್ಕನವರು ಕನ್ನಡಕದ ಮೇಲಿಂದ ನೋಡಿ, "ಅದನ್ನ ಬಿಟ್ರೆ ಇನ್ನೇನು ಬರೀತೀರಿ? ಬೆಲ್ ಹೊಡೆದಾಗ ಕಿಟಕಿ ತೆಗೆದೆ, ಬೆಲ್ ಹೊಡೆದಾಗ ಮುಚ್ಚಿದೆ ಅಂತಾನಾ?" ಎಂದು ಕೇಳಿದರು. ಆದ್ದರಿಂದ ಇಲ್ಲಿ ತಪ್ಪೂ ಬರುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಪಾಲಿಗೆ ಬಂದದ್ದು ಮಾತ್ರೆಗಳನ್ನು ಕಾಗದದ ಕವರಿಗೆ ಹಾಕಿ ಕೊಡುವ ಕೆಲಸ. ಕವರಿನ ಮೇಲೆ 1-0-1 ಎಂದು ಬರೆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅರ್ಥ. ಒಂದು ದಿನ ಒಬ್ಬ ಮುದುಕಿ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಲ್ಲಮ್ಮಾ, ನೂರಾ ಒಂದು ಮಾತ್ರೆ ನುಂಗಿದ ಮೇಲೆ ಊಟ ಎಲ್ಲಿ ಹಿಡಿಸುತ್ತೆ?" ಎಂದಳು. ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಕಿಟಕಿಯ ಹಿಂದಿದ್ದ ಹೊಸ ಫಾರ್ಮಸಿಸ್ಟರಿಗೆ ನಗು ಬರಲಿಲ್ಲ. ಕೇಳುವ ಧೈರ್ಯವಿದ್ದ ಮುದುಕಿ ಕೇಳಿದಳು. ಕೇಳದೆ ಕವರನ್ನು ಜೇಬಿಗಿಟ್ಟುಕೊಂಡು ಹೋದವರು ಎಷ್ಟು ಮಂದಿಯೋ ಎಂದು ಅವರು ಯೋಚಿಸುತ್ತಿದ್ದರು.

ಆ ವಾರವೇ ಅವರು ಪೇಟೆಯ ಸ್ಟಾಂಪಿನವನ ಬಳಿ ಹೋಗಿ, ಅಂಕಿಗಳಿದ್ದು ಮುಳ್ಳುಗಳಿಲ್ಲದ ಒಂದು ಗಡಿಯಾರದ ರಬ್ಬರ್ ಸ್ಟಾಂಪು ಮಾಡಿಸಿದರು. "ಮುಳ್ಳಿಲ್ಲದ ಗಡಿಯಾರ ಯಾರಿಗೆ ಬೇಕಮ್ಮಾ, ಕೆಟ್ಟು ನಿಂತದ್ದಾ?" ಎಂದು ಅವನು ಕೇಳಿದ. "ಮುಳ್ಳು ನಾನು ಹಾಕ್ಕೋತೀನಿ" ಎಂದರು. ಅಂದಿನಿಂದ ಪ್ರತಿ ಕವರಿನ ಮೇಲೂ ಒಂದು ಗಡಿಯಾರ ಬಿತ್ತು. ರೋಗಿ ಎಷ್ಟು ಗಂಟೆಗೆ ಏಳುತ್ತಾನೆ, ಎಷ್ಟಕ್ಕೆ ಕೆಲಸಕ್ಕೆ ಹೊರಡುತ್ತಾನೆ, ಮನೆಯಲ್ಲಿ ಯಾರು ನೆನಪಿಸುತ್ತಾರೆ ಎಂದು ಕೇಳಿ ಕೇಳಿ ಅವರು ಕೆಂಪು ಶಾಯಿಯಲ್ಲಿ ಎರಡು ಮುಳ್ಳು ಎಳೆಯುತ್ತಿದ್ದರು. ಮರೆಗುಳಿಗಳಿಗೆ ಬೇರೆ ಉಪಾಯವಿತ್ತು. ಕವರಿಗೆ ತೂತು ಹಾಕಿ ದಾರ ಪೋಣಿಸಿ, "ಇದನ್ನ ಹಲ್ಲುಜ್ಜೋ ಬ್ರಷ್ಷಿಗೆ ಕಟ್ಟಿ. ಹಲ್ಲಿಲ್ಲದಿದ್ರೆ ಬಚ್ಚಲ ಬಾಗಿಲಿಗೆ ಕಟ್ಟಿ" ಎನ್ನುತ್ತಿದ್ದರು. ಸರದಿ ನಿಧಾನವಾಗುತ್ತದೆ ಎಂದು ಗೊಣಗಿದವರೂ ತಮ್ಮ ಪಾಳಿ ಬಂದಾಗ ತಮ್ಮ ದಿನಚರಿಯನ್ನು ಸಾವಧಾನವಾಗಿಯೇ ಒಪ್ಪಿಸುತ್ತಿದ್ದರು.

ಗಂಟೆಯ ಬಗ್ಗೆ ಅವರಿಗಿದ್ದ ಹಟಕ್ಕೆ ಓದಿನ ಬೆಂಬಲವೂ ಇತ್ತು. ರಕ್ತದೊತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಇಳಿದು, ಏಳುವ ಹೊತ್ತಿಗೆ ಏರತೊಡಗುತ್ತದೆ. ಹೃದಯಾಘಾತಗಳೂ ಬೆಳಗಿನ ಹೊತ್ತಿನಲ್ಲಿಯೇ ಹೆಚ್ಚು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮಲಗುವಾಗ ಕೊಟ್ಟರೆ ಮುದುಕರು ನಿದ್ದೆಗಣ್ಣಲ್ಲಿ ಎದ್ದು ಎಡವುತ್ತಾರೆ. ಇದನ್ನೆಲ್ಲ ಅವರು ರೋಗಿಗಳಿಗೆ ಹೇಳುತ್ತಿದ್ದದ್ದು ಒಂದೇ ಮಾತಿನಲ್ಲಿ: "ಹೃದಯಾನೂ ಪಾಳಿ ಮೇಲೆ ಕೆಲಸ ಮಾಡುತ್ತೆ ಕಣ್ರಿ. ಮಾತ್ರೆ ಅದರ ಪಾಳಿಗೆ ಹೊಂದಬೇಕು, ನಿಮ್ಮ ಪಾಳಿಗೂ ಹೊಂದಬೇಕು."

ಒಂಬತ್ತನೆಯ ವರ್ಷದಲ್ಲಿ ಅವರು ಆ ಚೀಟಿ ಬರೆದರು.

ಅದನ್ನು ಬರೆದದ್ದು ಕರುಣೆಯಿಂದಲೇ. ಹೃದ್ರೋಗ ವಿಭಾಗದ ರೋಗಿಗಳು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕು. ಅದೇ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಅನೇಕರು ತಿಂಡಿ ತಿಂದು ಬಂದುಬಿಡುತ್ತಿದ್ದರು. ಪ್ರಯೋಗಾಲಯದವರು ಗದರಿ ವಾಪಸು ಕಳಿಸುತ್ತಿದ್ದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದ ಒಬ್ಬ ಹೆಂಗಸು ಮೂರನೆಯ ಸಲವೂ ಹಾಗೇ ಹಿಂತಿರುಗಿದ್ದನ್ನು ಕಂಡು, ಅಕ್ಕನವರು ಅಂದು ಸಂಜೆ ಕುಳಿತು ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬರೆದು ನೂರಾರು ಪ್ರತಿ ಮಾಡಿಸಿದರು. "ತಪಾಸಣೆಯ ದಿನ ಬೆಳಿಗ್ಗೆ ಬಾಯಿಗೆ ಏನೂ ಹಾಕದೆ ಬನ್ನಿ. ನೀರು ಕುಡಿಯಬಹುದು." ಪ್ರತಿ ಕವರಿನ ಜೊತೆ ಒಂದೊಂದು ಚೀಟಿ ಹೋಯಿತು. ಗದರಿಕೆ ನಿಂತಿತು. ಪ್ರಯೋಗಾಲಯದವರು ಕೈಮುಗಿದರು. ಹೃದ್ರೋಗ ವಿಭಾಗದ ಮುಖ್ಯ ವೈದ್ಯರು ಸಭೆಯಲ್ಲಿ ಹೊಗಳಿದರು.

ಚೀಟಿಯಲ್ಲಿ ಇಲ್ಲದ ವಾಕ್ಯ ಒಂದೇ. ಬೆಳಗಿನ ಮಾತ್ರೆಯನ್ನು ನೀರಿನ ಜೊತೆ ನುಂಗಿಯೇ ಬನ್ನಿ ಎಂಬ ವಾಕ್ಯ. ಅದನ್ನು ಬರೆಯಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಗಂಟೆ ಗಂಟೆ ಎಂದು ಊರಿಗೆಲ್ಲ ಹೇಳುತ್ತಿದ್ದವರಿಗೇ ಹೊಳೆಯಲಿಲ್ಲ.

ಮೂರು ವರ್ಷ ಕಳೆಯಿತು. ಗೋಡೆಗಳಿಗೆ ಬಣ್ಣ ಬಳಿಯುವ ಒಬ್ಬ ಪೇಂಟರ್ ಏಣಿಯಿಂದ ಬಿದ್ದು, ಕಾಲಿನ ಮೂಳೆ ಮುರಿದುಕೊಂಡು ನಮ್ಮ ಆಸ್ಪತ್ರೆಯ ಮೇಲಂತಸ್ತಿನ ಮೂಳೆ ವಾರ್ಡಿಗೆ ಸೇರಿದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯಿದ್ದ ಮನುಷ್ಯ. ಒಂದು ವರ್ಷದಿಂದ ಅಕ್ಕನವರ ಗಿರಾಕಿ. ಅವನ ಕವರಿನ ಗಡಿಯಾರದಲ್ಲಿ ಮುಳ್ಳು ಏಳೂವರೆಗೆ ಇತ್ತು. ಬಿದ್ದ ಹೊತ್ತು ಬೆಳಿಗ್ಗೆ ಹನ್ನೊಂದು. ನೋಡಿದವರು, ಏಣಿಯ ಮೆಟ್ಟಿಲ ಮೇಲೆ ನಿಂತಲ್ಲೇ ತೂಗಾಡಿ ಬಿದ್ದ ಎಂದರು. ಕಂಟ್ರಾಕ್ಟರು, ಕುಡಿದು ಏಣಿ ಹತ್ತಿದ್ದಾನೆ ಎಂದು ತೀರ್ಮಾನಿಸಿ ಅವನ ಬ್ರಷ್ಷು, ಡಬ್ಬಗಳನ್ನು ಮನೆಗೆ ಕಳಿಸಿಬಿಟ್ಟಿದ್ದ. ಇಷ್ಟು ಅಕ್ಕನವರ ಕಿವಿಗೂ ಬಿದ್ದಿತ್ತು. ಅವರು ಅಯ್ಯೋ ಎಂದುಕೊಂಡು ಕೆಲಸ ನೋಡಿಕೊಂಡಿದ್ದರು.

ಎರಡನೆಯ ದಿನ ವಾರ್ಡಿನ ನರ್ಸ್ ಫೋನು ಮಾಡಿದರು. "ಅಕ್ಕಾ, ಪೇಂಟರಿಗೆ ನಿಮ್ಮ ಕವರಿನ ಮಾತ್ರೆಗಳನ್ನೇ ಕೊಟ್ಟೆ. ಈಗ ಬಿಪಿ ತೊಂಬತ್ತಕ್ಕೆ ಇಳಿದಿದೆ. ಕೂರಿಸಿದ್ರೆ ಕಣ್ಣು ಕತ್ತಲೆ ಬರುತ್ತೆ ಅಂತಾನೆ. ಇಷ್ಟೊಂದು ಮಾತ್ರೆ ಇವನಿಗೆ ಯಾಕೆ?"

ಅಕ್ಕನವರು ರಿಜಿಸ್ಟರು ತೆಗೆದು ನೋಡಿದರು. ಹಿಂದಿನ ಮೂರು ತಪಾಸಣೆಗಳಲ್ಲಿಯೂ ಅವನ ಒತ್ತಡ ಮೇಲೆ ಮೇಲೆ. ಮೂರು ಸಲವೂ ಡೋಸ್ ಹೆಚ್ಚಿಸಲಾಗಿತ್ತು. ಮೊದಲು ಒಂದಿದ್ದ ಮಾತ್ರೆ ಈಗ ಮೂರು ಬಗೆಯ ನಾಲ್ಕು. ನಾಲ್ಕು ಮಾತ್ರೆಗೂ ಬಗ್ಗದ ಒತ್ತಡ ವಾರ್ಡಿನಲ್ಲಿ ಒಂದೇ ಬೆಳಗಿಗೆ ತೊಂಬತ್ತಕ್ಕೆ ಇಳಿಯುವುದೆಂದರೇನು? ಅವರು ಕಿಟಕಿ ಮುಚ್ಚಿ ಮೇಲೆ ಹೋದರು.

"ಮಾತ್ರೆ ತಪ್ಪಿಸ್ತಿದ್ರಾ? ನಿಜ ಹೇಳಿ, ಬೈಯಲ್ಲ."

"ಇಲ್ಲಕ್ಕ. ದಿನಾ ಏಳೂವರೆ. ನನ್ನ ಹೆಂಡತಿ ಬೇಕಾದ್ರೆ ಕೇಳಿ."

"ತಲೆ ಸುತ್ತು ಬರ್ತಿತ್ತಾ?"

"ಹತ್ತು ಗಂಟೆ ಮೇಲೆ ತಲೆ ಹಗುರ ಆಗ್ತಿತ್ತು. ಬಿಸಿಲಿರಬೇಕು ಅಂದ್ಕೊಂಡೆ."

"ತಪಾಸಣೆಗೆ ಬರೋ ದಿನ? ಆ ದಿನಾನೂ ಏಳೂವರೆಗೇನಾ?"

ಪೇಂಟರ್ ಅಕ್ಕನವರ ಮುಖವನ್ನೇ ನೋಡಿದ. ಪರೀಕ್ಷೆಯಲ್ಲಿ ಸರಿಯಾದ ಉತ್ತರ ಗೊತ್ತಿದ್ದವನ ದನಿಯಲ್ಲಿ, "ಆ ದಿನ ತಗೊಳ್ಳಲ್ಲ ಅಕ್ಕ. ಬಾಯಿಗೆ ಏನೂ ಹಾಕಬೇಡಿ ಅಂತ ನೀವೇ ಬರೆದಿದ್ದೀರಲ್ಲ" ಎಂದ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಅಕ್ಕನವರು ಕುಳಿತುಬಿಟ್ಟರು. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಅವರು ಮೊದಲ ದಿನವೇ ಈ ಕಥೆ ಹೇಳುತ್ತಾರೆ. ಎಲ್ಲ ದಿನ ಮಾತ್ರೆ ನುಂಗುವವನು ಅಳೆಯುವ ದಿನ ಮಾತ್ರ ನುಂಗದೆ ಬಂದಿದ್ದಾನೆ. ವೈದ್ಯರು ಅಳೆದದ್ದು ಮಾತ್ರೆಯಿಲ್ಲದ ಬೆಳಗನ್ನು. ಡೋಸ್ ಹೆಚ್ಚಿಸಿದ್ದು ಮಾತ್ರೆಯಿರುವ ದಿನಗಳಿಗೆ. ಆ ದಿನಗಳಲ್ಲಿ ಅವನು ಏಣಿಯ ಮೇಲಿದ್ದ.

ಮುಂದಿನ ತಪಾಸಣೆಯ ದಿನ ಸರದಿಯಲ್ಲಿ ನಲವತ್ತಮೂರು ಜನರಿದ್ದರು. ಅಕ್ಕನವರು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಾ ಹೋದರು: ಇವತ್ತು ಮಾತ್ರೆ ತಗೊಂಡ್ರಾ, ಎಷ್ಟು ಗಂಟೆಗೆ? ಮೂವತ್ತೊಂದು ಮಂದಿ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡಿದ್ದ ಹನ್ನೆರಡು ಮಂದಿಯಲ್ಲಿ ಕೆಲವರಿಗೆ ಓದು ಬರುತ್ತಿರಲಿಲ್ಲ, ಕೆಲವರು ಚೀಟಿ ಕಳೆದುಕೊಂಡಿದ್ದರು, ಒಬ್ಬ ಅಜ್ಜ ಅದರಲ್ಲಿ ನಶ್ಯ ಕಟ್ಟಿಟ್ಟಿದ್ದ. ಈ ಹನ್ನೆರಡು ಮಂದಿಯಲ್ಲಿ ಹತ್ತು ಜನರ ಒತ್ತಡ ಸರಿಯಾಗಿತ್ತು. ಅಕ್ಕನ ಮಾತು ಕೇಳದವರು ಚೆನ್ನಾಗಿದ್ದರು. ನಂಬಿ ನಡೆದವರ ಮಾತ್ರೆ ಬೆಳೆಯುತ್ತಿತ್ತು.

ಅವರು ಪಟ್ಟಿ ಹಿಡಿದು ಮುಖ್ಯ ವೈದ್ಯರ ಕೋಣೆಗೆ ಹೋದರು. ಹಿರಿಯರು ಪಟ್ಟಿಯನ್ನು ಎರಡು ಸಲ ಓದಿದರು. ಸಿಡುಕಲಿಲ್ಲ. ಮರುದಿನದಿಂದಲೇ ಎಲ್ಲರ ಒತ್ತಡವನ್ನು ಹೊಸದಾಗಿ ಅಳೆಯಲು ಒಪ್ಪಿದರು. ಆಮೇಲೆ ಹೇಳಿದರು:

"ಚೀಟಿ ಬದಲಾಯಿಸಿ. ಯಾಕೆ ಬದಲಾಯಿತು ಅಂತ ಯಾರಿಗೂ ಹೇಳಬೇಡಿ."

"ಸರ್, ಆ ಪೇಂಟರ್..."

"ನೀವು ಹೇಳಿದ ದಿನ ಅರ್ಧ ಊರು ಮಾತ್ರೆ ಬಿಟ್ಟುಬಿಡುತ್ತೆ. ಆಸ್ಪತ್ರೆಯವರೇ ಹೆಚ್ಚು ಕೊಟ್ಟಿದ್ರಂತೆ ಅಂತಾರೆ. ಒಬ್ಬ ಬಿದ್ದದ್ದಕ್ಕೆ ಹತ್ತು ಜನಕ್ಕೆ ಹೃದಯಾಘಾತ ಆಗಲಿ ಅಂತೀರಾ?"

ಆ ಮಾತು ಸುಳ್ಳಾಗಿರಲಿಲ್ಲ. ಮಾತ್ರೆ ಬಿಟ್ಟು ಬಂದವರ ಗತಿಯನ್ನು ಅಕ್ಕನವರೂ ಕಂಡಿದ್ದರು. ಒಂದು ಕಡೆ ಊರಿನ ನಂಬಿಕೆ, ಇನ್ನೊಂದು ಕಡೆ ಮೂಳೆ ವಾರ್ಡಿನಲ್ಲಿ ಕುಡುಕನೆಂಬ ಹೆಸರು ಹೊತ್ತು ಮಲಗಿದ್ದ ಒಬ್ಬ ಮನುಷ್ಯ. ಕಾಲು ಕೂಡಿಕೊಂಡ ಮೇಲೂ ಅವನನ್ನು ಏಣಿ ಹತ್ತಿಸುವವರು ಯಾರು? ಎರಡನೆಯ ರಾತ್ರಿ ಅವರು ಯಜಮಾನರ ಮುಂದೆ ಎಲ್ಲ ಹೇಳಿದರು. ಅವರ ಯಜಮಾನರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಎಲ್ಲವನ್ನೂ ಕೇಳಿಕೊಂಡು ಅವರು ಹೇಳಿದ್ದು ಇಷ್ಟೇ: "ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡ್ರೆ ನಾವು ಕೊನೇಲಿ ಒಪ್ಪೋಲೆ ಅಂತ ತಪ್ಪು-ಸರಿ ಪಟ್ಟಿ ಅಂಟಿಸ್ತೀವಿ. ಅದನ್ನ ನೋಡಿ ಪುಸ್ತಕ ಎಸೆದವರನ್ನ ನಾನಂತೂ ನೋಡಿಲ್ಲ."

ಮೂರನೆಯ ದಿನ ಮಧ್ಯಾಹ್ನ ಅಕ್ಕನವರು ಅರ್ಧ ದಿನ ರಜೆ ಹಾಕಿ, ಕಂಟ್ರಾಕ್ಟರ್ ಕೆಲಸ ಮಾಡಿಸುತ್ತಿದ್ದ ಕಟ್ಟಡಕ್ಕೆ ಹೋದರು. ಸುಣ್ಣದ ಧೂಳಿನಲ್ಲಿ ನಿಂತೇ ವಿಷಯ ಹೇಳಿದರು.

ಕಂಟ್ರಾಕ್ಟರ್ ನಕ್ಕ. "ಮೇಡಂ, ಇಪ್ಪತ್ತು ವರ್ಷದಿಂದ ಏಣಿ ಕಟ್ಟಿಸ್ತಿದ್ದೀನಿ. ಬಾಟಲಿ ಮುಟ್ಟಿದವರು ಬಿದ್ದದ್ದು ಕಂಡಿದ್ದೀನಿ. ಮಾತ್ರೆ ತಿಂದವರು ಬಿದ್ದದ್ದು ಕೇಳಿಲ್ಲ."

"ಇವತ್ತು ಕೇಳಿದ್ರಲ್ಲ."

"ನಿಮಗೆ ಅವನ ಮೇಲೆ ಕನಿಕರ. ಅದಕ್ಕೆ ಹೀಗೆ ಹೇಳ್ತಿದ್ದೀರಿ."

"ಕನಿಕರಕ್ಕೆ ಯಾರಾದ್ರೂ ತಮ್ಮ ತಲೆ ಮೇಲೆ ಕಲ್ಲು ಎಳ್ಕೋತಾರಾ? ತಪ್ಪು ಬರೆದದ್ದು ನಾನು. ಅವನು ಬಿದ್ದದ್ದು ನನ್ನ ಅಕ್ಷರದಿಂದ."

"ಹಾಗಾದ್ರೆ ಅದೇ ಅಕ್ಷರದಲ್ಲಿ ಇದನ್ನೂ ಬರೆದುಕೊಡಿ" ಎಂದ ಕಂಟ್ರಾಕ್ಟರ್. ಬರೆದುಕೊಡಲಾರರು ಎಂಬ ಧೈರ್ಯ ಅವನಿಗೆ.

ಅಕ್ಕನವರು ಚೀಲದಿಂದ ಆಸ್ಪತ್ರೆಯ ಕಾಗದ ತೆಗೆದು, ಸಿಮೆಂಟಿನ ಮೂಟೆಯ ಮೇಲಿಟ್ಟು ಬರೆದರು. ತಪಾಸಣೆಯ ದಿನ ಮಾತ್ರೆ ನುಂಗಬೇಕೆಂದು ತಾವು ತಿಳಿಸದೆ ಇದ್ದುದರಿಂದ ಈ ರೋಗಿಯ ಒತ್ತಡವನ್ನು ತಪ್ಪಾಗಿ ಅಂದಾಜಿಸಲಾಯಿತೆಂದೂ, ಡೋಸ್ ಹೆಚ್ಚಾಗಿ ಒತ್ತಡ ಕುಸಿದು ಅವನು ಬಿದ್ದಿರುವ ಸಾಧ್ಯತೆಯೇ ಬಲವಾಗಿದೆಯೆಂದೂ ಬರೆದು, ಹೆಸರು, ಹುದ್ದೆ, ತಾರೀಖು ಹಾಕಿ ಸಹಿ ಮಾಡಿದರು. ಕಂಟ್ರಾಕ್ಟರ್ ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡ. "ಕಾಲು ಸರಿಯಾಗಲಿ. ಬರೋಕೆ ಹೇಳಿ" ಎಂದ. ಕೈಯ ಸುಣ್ಣ ಒರೆಸಿಕೊಳ್ಳುತ್ತಾ, "ನಮ್ಮಪ್ಪನೂ ನಿಮ್ಮಲ್ಲೇ ಮಾತ್ರೆ ತಗೊಳ್ಳೋದು" ಎಂದ.

"ನಾಳೆ ಕರ್ಕೊಂಡು ಬನ್ನಿ. ಮಾತ್ರೆ ನುಂಗಿಸಿ ಕರ್ಕೊಂಡು ಬನ್ನಿ."

ಆಸ್ಪತ್ರೆಯ ಕಾಗದವನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಅವರಿಗೆ ನೋಟೀಸು ಬಂತು. ಕಿಟಕಿಯಿಂದ ತೆಗೆದು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದರು. ಹದಿನಾಲ್ಕು ತಿಂಗಳು ಅವರು ಬ್ಯಾಂಡೇಜಿನ ಪೆಟ್ಟಿಗೆಗಳ ಮಧ್ಯೆ ಕುಳಿತರು. ಅಲ್ಲಿಗೆ ಹೋಗುವ ಮೊದಲು, ಡೋಸ್ ಹೆಚ್ಚಾಗಿದ್ದ ಐವತ್ತೆಂಟು ಮಂದಿಯಲ್ಲಿ ಒಬ್ಬೊಬ್ಬರಿಗೂ ತಾವೇ ವಿಷಯ ತಿಳಿಸಿದರು: ಮಾತ್ರೆ ಬಿಡಬೇಡಿ, ತಪ್ಪು ನನ್ನದು, ಮಾತ್ರೆಯದಲ್ಲ, ಬಂದು ಮತ್ತೆ ಅಳೆಸಿಕೊಳ್ಳಿ. ಐವತ್ನಾಲ್ಕು ಮಂದಿ ಬಂದರು. ಇಬ್ಬರು ಬೈದು ಬೇರೆ ಆಸ್ಪತ್ರೆಗೆ ಹೋದರು. ಒಬ್ಬರು ಊರು ಬಿಟ್ಟಿದ್ದರು. ಒಬ್ಬ ವೃದ್ಧೆ ಅಷ್ಟರಲ್ಲಿ ತೀರಿಕೊಂಡಿದ್ದರು. ಯಾವ ಕಾರಣಕ್ಕೆ ಎಂದು ಯಾರಿಗೂ ಖಚಿತವಾಗಲಿಲ್ಲ. ಅಕ್ಕನವರಿಗೆ ಇಂದಿಗೂ ಖಚಿತವಿಲ್ಲ. ಅಭಿನಂದನೆಯ ಮಾತುಗಳಲ್ಲಿ ಇದನ್ನು ಬಿಟ್ಟುಬಿಡುವುದು ಸುಲಭ. ಬಿಟ್ಟರೆ ಈ ಲೇಖನ ಅವರದಾಗುವುದಿಲ್ಲ.

ಮುಖ್ಯ ವೈದ್ಯರು ಭಯಪಟ್ಟಂತೆ ಅರ್ಧ ಊರು ಮಾತ್ರೆ ಬಿಡಲಿಲ್ಲ. ಅವರೇ ಮುಂದಾಗಿ ತಪಾಸಣೆಯ ಪುಸ್ತಕದಲ್ಲಿ ಒತ್ತಡದ ಕಾಲಮ್ಮಿನ ಪಕ್ಕದಲ್ಲಿ 'ಮಾತ್ರೆ ನುಂಗಿದ ಗಂಟೆ' ಎಂಬ ಹೊಸ ಕಾಲಮ್ಮು ಹಾಕಿಸಿದರು. ಅದನ್ನು ತುಂಬಲು ಸರಿಯಾದವರು ಬೇಕೆಂದು ಅಕ್ಕನವರನ್ನು ನೆಲಮಾಳಿಗೆಯಿಂದ ಮೇಲೆ ಕರೆಸಿದವರೂ ಅವರೇ. ಊರಿನ ಇತರ ಆಸ್ಪತ್ರೆಗಳು ಆ ಕಾಲಮ್ಮನ್ನು ನೋಡಿಕೊಂಡು ಹೋಗಿ ತಮ್ಮಲ್ಲಿಯೂ ಹಾಕಿಸಿದವು. ಪೇಂಟರಿಗೆ ಒಂದೂವರೆ ಮಾತ್ರೆ ಸಾಕಾಯಿತು. ಆರು ತಿಂಗಳ ಮೇಲೆ ಅವನು ಮೊದಲು ಕಾಂಪೌಂಡಿನ ಗೋಡೆಗೆ, ಆಮೇಲೆ ಏಣಿಗೆ ಮರಳಿದ.

ಮುಂದಿನ ವರ್ಷಗಳಲ್ಲಿ ಇನ್ನೊಂದು ಗಾಳಿ ಬೀಸಿತು. ಒತ್ತಡದ ಮಾತ್ರೆಯನ್ನು ಬೆಳಿಗ್ಗೆ ಬಿಟ್ಟು ರಾತ್ರಿ ನುಂಗಿದರೆ ಹೃದಯ ಉಳಿಯುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು, ಜನ ಕತ್ತರಿಸಿದ ಹಾಳೆ ಹಿಡಿದು ಕಿಟಕಿಗೆ ಬಂದರು. ನಿವೃತ್ತ ಮೇಷ್ಟರೊಬ್ಬರು, "ನಿಮ್ಮ ಕೆಂಪು ಮುಳ್ಳನ್ನ ರಾತ್ರಿಗೆ ತಿರುಗಿಸಿ" ಎಂದು ಹಟ ಹಿಡಿದರು.

"ರಾತ್ರಿ ಎಷ್ಟಕ್ಕೆ ಮಲಗ್ತೀರಿ ಮೇಷ್ಟ್ರೇ?"

"ಟೀವಿ ಮುಂದೆ ಕೂತಲ್ಲೇ ನಿದ್ದೆ ಹತ್ತುತ್ತೆ."

"ಆಗ ಮಾತ್ರೆ ಯಾರು ನುಂಗಬೇಕು, ಟೀವಿನಾ?"

ತಮ್ಮ ಒಂದು ಚೀಟಿ ಮಾಡಿದ ಅನಾಹುತ ಕಂಡಿದ್ದ ಅಕ್ಕನವರು ಎರಡನೆಯ ಚೀಟಿ ಬರೆಯಲು ಅವಸರ ಮಾಡಲಿಲ್ಲ. ಕಾದರು, ಓದಿದರು. ಬಳಿಕ ನಡೆದ ದೊಡ್ಡ ಅಧ್ಯಯನಗಳಲ್ಲಿ ಬೆಳಗಿನವರಿಗೂ ರಾತ್ರಿಯವರಿಗೂ ಹೃದಯಾಘಾತದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀವು ಮರೆಯದ ಗಂಟೆಯೇ ನಿಮ್ಮ ಒಳ್ಳೆಯ ಗಂಟೆ, ಬದಲಾಯಿಸಬೇಕೆಂದರೆ ವೈದ್ಯರನ್ನು ಕೇಳಿ ಬದಲಾಯಿಸಿ ಎಂದು ಆಗ ಅವರು ಎಲ್ಲರಿಗೂ ಹೇಳಿದರು. ಮೇಷ್ಟರ ಮುಳ್ಳು ಇಂದಿಗೂ ಬೆಳಗಿನ ಆರಕ್ಕೇ ಇದೆ.

ಆ ಹಳೆಯ ಚೀಟಿಯ ಒಂದು ಪ್ರತಿಯನ್ನು, ಉಗ್ರಾಣದಿಂದ ಮರಳಿದ ದಿನ, ಅಕ್ಕನವರು ಕಿಟಕಿಯ ಒಳಗೋಡೆಗೆ ತಮ್ಮ ಕಣ್ಣೆದುರೇ ಅಂಟಿಸಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ, "ಇದು ತಪ್ಪು. ಬರೆದವಳು ನಾನು" ಎಂದಿದೆ. ಹಿಂದಿನ ವಾರ ವಿತರಣೆಯ ಕೋಣೆಗೆ ಹೊಸ ಬಣ್ಣ ಬಳಿಯಲು ಆಸ್ಪತ್ರೆಯವರು ಕರೆಸಿದ್ದು ಅದೇ ಪೇಂಟರನ್ನು. ತಲೆ ನರೆತಿದೆ, ಕಾಲು ಸ್ವಲ್ಪ ಎಳೆಯುತ್ತದೆ. ಅವನು ಏಣಿಗೆ ಕೈ ಹಚ್ಚುವ ಮೊದಲು ಅಕ್ಕನವರು ಎಂದಿನಂತೆ ಕೇಳಿದರು.

"ಎಷ್ಟು ಗಂಟೆಗೆ?"

"ಏಳೂವರೆ ಅಕ್ಕ. ಬೇರೆ ಗಂಟೆ ಇದೆ ಅನ್ನೋದೇ ಮರೆತು ಹೋಗಿದೆ." ಅವನು ಚೀಟಿಯ ಮೂಲೆಗೆ ಉಗುರು ತಾಕಿಸಿದ. "ಇದನ್ನ ಕಿತ್ತು ಹಾಕ್ಲಾ? ಹೋಗೋ ಹೊತ್ತಲ್ಲಿ ಯಾಕೆ ಇದು?"

"ನಾನು ಹೋಗ್ತೀನಿ. ಅದು ಇರಲಿ. ಇನ್ನು ಮೇಲೆ ಇಲ್ಲಿ ಕೂರೋರೂ ಚೀಟಿ ಬರೆಯೋರೇ."

ಅವನು ಚೀಟಿಯ ನಾಲ್ಕು ಅಂಚಿಗೂ ಸಣ್ಣ ಬ್ರಷ್ಷಿನಿಂದ ಗೆರೆ ಎಳೆದು, ಒಂದು ತೊಟ್ಟೂ ಬಣ್ಣ ತಾಗದಂತೆ ಸುತ್ತ ಬಳಿದ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು.

ಕಳೆದ ವರ್ಷ ಅಕ್ಕನವರ ಒತ್ತಡವೂ ಏರಿದೆ. ಅವರ ಕವರಿನ ಮೇಲೆ ಕೆಂಪು ಮುಳ್ಳು ಎಳೆದವರು ಅವರ ಕೈಯಲ್ಲಿ ಕೆಲಸ ಕಲಿತವರೇ, ಗಂಟೆ ಆರೂವರೆ. ನಿವೃತ್ತಿಯ ನಂತರವೂ ತಪಾಸಣೆಯ ದಿನಗಳಲ್ಲಿ ಬಂದು, ಆ ಕಾಲಮ್ಮಿನ ಮುಂದೆ ಕುಳಿತುಕೊಳ್ಳಲು ಅವರು ಒಪ್ಪಿದ್ದಾರೆ. ದೀರ್ಘಾಯುಷ್ಯವನ್ನು ಹಾರೈಸಿದರೆ, ಹಾರೈಕೆಗೆ ಡೋಸ್ ಎಷ್ಟು ಎಂದು ಕೇಳುವವರು ಅವರು. ಆದ್ದರಿಂದ ಅವರ ಕಿವಿಗೆ ಹಿತವಾಗುವ ಭಾಷೆಯಲ್ಲಿಯೇ ನಮ್ಮ ಹಾರೈಕೆ: ನಾಳೆ ಬೆಳಿಗ್ಗೆ ಆರೂವರೆಗೆ, ನಾಡಿದ್ದು ಆರೂವರೆಗೆ, ಇನ್ನೂ ಹತ್ತು ಸಾವಿರ ಬೆಳಗುಗಳ ಆರೂವರೆಗೆ ಅಕ್ಕನವರು ತಪ್ಪದೆ ಮಾತ್ರೆ ನುಂಗಲಿ. ತಪಾಸಣೆಗೆ ಬರುವ ದಿನವೂ.